ಹೋಗದ ಗಂಟು

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಅರ್ಧ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಎದುರಿಗೆ ಮೇಷ್ಟ್ರೇ ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿಕೊಂಡು ತಮ್ಮ ಪಾಡಿಗೆ ತಾವಿದ್ದ ಈ ಮನುಷ್ಯ ಒಂಬತ್ತು ವರ್ಷಗಳ ಹಿಂದೆ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ ಬಂದಿದ್ದರು. ಅಂದಿನಿಂದ ಯಾರು ಯಾವಾಗ "ಎಲ್ಲಿಗೆ ಬಂತು ಮೇಷ್ಟ್ರೇ ನಿಮ್ಮ ಡಾಕ್ಟರೇಟು?" ಎಂದರೂ ಉತ್ತರ ಒಂದೇ: "ಅರ್ಧ ಆಗಿದೆ." ಮೊದಲನೆಯ ವರ್ಷವೂ ಅರ್ಧ ಆಗಿತ್ತು, ಎಂಟನೆಯ ವರ್ಷವೂ ಅರ್ಧವೇ ಆಗಿತ್ತು. ಹೆಚ್ಚೂ ಆಗದ, ಕಡಿಮೆಯೂ ಆಗದ ಈ ಪದಾರ್ಥ ಎಂಥದ್ದಿರಬಹುದು ಎಂದು ಬೀದಿಯವರು ಕೆಲವು ದಿನ ತಲೆ ಕೆಡಿಸಿಕೊಂಡರು. ಕೊನೆಗೆ ಒಂದು ಹೆಸರಿಟ್ಟು ಸುಮ್ಮನಾದರು.

"ಯಾವುದರ ಮೇಲೆ ಮಾಡ್ತಿದ್ದೀರಿ?" ಎಂದು ಕೇಳಿದ ಪುಣ್ಯಾತ್ಮರೂ ಇದ್ದರು. ಆಗ ಅರ್ಧ ಡಾಕ್ಟ್ರು ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದರು, ಗಂಟಲು ಸರಿಪಡಿಸಿಕೊಳ್ಳುತ್ತಿದ್ದರು, ಆಮೇಲೆ "ಲೋ ಡೈಮೆನ್ಷನಲ್ ಟೋಪಾಲಜಿ" ಎನ್ನುತ್ತಿದ್ದರು. ಹಾಗಂದರೇನು ಎಂದು ಕೇಳುವಷ್ಟು ಧೈರ್ಯ ಯಾರಿಗಾದರೂ ಉಳಿದಿದ್ದರೆ ಅವರಿಗೆ "ಬಿಡಿ, ಅದೆಲ್ಲ ನಿಮಗೆ ಅರ್ಥ ಆಗಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಕಟ್ಟಿಕೊಂಡ ಹೆಂಡತಿಗೂ ಅದೇ ಉತ್ತರ. ಅವಳು ಎರಡು ವರ್ಷ ಕೇಳಿದಳು, ಮೂರನೆಯ ವರ್ಷ ಕೇಳುವುದನ್ನು ಬಿಟ್ಟಳು, ಐದನೆಯ ವರ್ಷ ಒಂದು ಕಾನೂನು ತಂದಳು. "ಅದು ಕೈಗೆ ಬರೋ ತನಕ ಪಿಎಚ್.ಡಿ. ಅನ್ನೋ ಮಾತು ಈ ಮನೇಲಿ ಕೂಡದು. ಯೂನಿವರ್ಸಿಟಿ, ಗೈಡು, ಟೋಪಿ ಗೀಪಿ ಯಾವುದೂ ಕೂಡದು." ಐದು ವರ್ಷದ ಭಾನುವಾರಗಳನ್ನೆಲ್ಲ ಗಂಡನ ಬೆನ್ನು ನೋಡಿಕೊಂಡೇ ಕಳೆದವಳು ಇಷ್ಟಾದರೂ ಕೇಳದಿದ್ದರೆ ಹೇಗೆ? ಅರ್ಧ ಡಾಕ್ಟ್ರು ಒಪ್ಪಿಕೊಂಡರು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ನಿಜ ಹೇಳಬೇಕೆಂದರೆ ವಿಷಯ ಅಂಥಾ ಬ್ರಹ್ಮವಿದ್ಯೆಯೇನೂ ಆಗಿರಲಿಲ್ಲ. ಅವರು ಅಭ್ಯಾಸ ಮಾಡುತ್ತಿದ್ದದ್ದು ಹಗ್ಗದ ಗಂಟುಗಳನ್ನು. ಒಂದು ಹಗ್ಗ ತೆಗೆದುಕೊಳ್ಳಿ, ಅದನ್ನು ಹೇಗೆ ಬೇಕೋ ಹಾಗೆ ಸುತ್ತಿ, ಹೆಣೆದು, ಕೊನೆಗೆ ಎರಡು ತುದಿಗಳನ್ನೂ ಸೇರಿಸಿ ಹೊಲಿದುಬಿಡಿ. ಈಗ ಕತ್ತರಿಸದೆ, ಬರೀ ಎಳೆದಾಡಿ, ಅದನ್ನು ಬಳೆಯ ಹಾಗೆ ಗಂಟಿಲ್ಲದ ಒಂದು ಸುತ್ತು ಮಾಡಲು ಬರುತ್ತದೆಯೇ ಇಲ್ಲವೇ? ಅಷ್ಟೇ ಪ್ರಶ್ನೆ. ಅರ್ಧ ಡಾಕ್ಟ್ರು ತಮ್ಮದೇ ಒಂದು ಗಂಟನ್ನು ಕಂಡುಹಿಡಿದಿದ್ದರು. ಇದು ಏನು ಮಾಡಿದರೂ ಹೋಗುವುದಿಲ್ಲ ಎಂದು ಸಾಧಿಸಿ ತೋರಿಸುವುದೇ ಅವರ ಪ್ರಬಂಧ. ಗಂಟು ಹೋಗದಿದ್ದರೆ ಪದವಿ ಬರುತ್ತದೆ, ಗಂಟು ಹೋದರೆ ಪದವಿಯೂ ಅದರ ಹಿಂದೆಯೇ ಹೋಗುತ್ತದೆ. ಇಷ್ಟನ್ನು ಹೆಂಡತಿಗೆ ಒಂದು ಸಂಜೆ ಕೂರಿಸಿಕೊಂಡು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂಬತ್ತನೆಯ ವರ್ಷ ವಿಶ್ವವಿದ್ಯಾಲಯಕ್ಕೆ ಇದ್ದಕ್ಕಿದ್ದಂತೆ ಜನಸಾಮಾನ್ಯರ ನೆನಪಾಯಿತು. ಕೊನೆಯ ಮೌಖಿಕ ಪರೀಕ್ಷೆ ಅಭ್ಯರ್ಥಿಯ ಮನೆಮಾತಿನಲ್ಲೇ ನಡೆಯಬೇಕು, ಬಂದು ಕೂತವರಿಗೆಲ್ಲ ತಿಳಿಯಬೇಕು ಎಂದು ಆಜ್ಞೆ ಹೊರಟಿತು. ಗೈಡ್ ಮೇಡಂ ತಲೆನರೆತ, ನೇರ ಮಾತಿನ ಹೆಂಗಸು. "ಇವತ್ತಿನಿಂದ ನನ್ನ ಹತ್ರ ಕನ್ನಡದಲ್ಲೇ ಮಾತಾಡಿ. ಅಭ್ಯಾಸ ಆಗಲಿ," ಎಂದರು.

"ಹಾಗಾದ್ರೆ ಗ್ರಂಥಿ ಅಂತ ಬಳಸ್ಲಾ ಮೇಡಂ? ಸ್ವಲ್ಪ ಗಾಂಭೀರ್ಯ ಇರುತ್ತೆ."

"ಗಂಟು ಅಂದ್ರೆ ಗಂಟು. ಗಾಂಭೀರ್ಯ ನಿಮ್ಮ ಮುಖದ ಮೇಲೆ ಬೇಕಾದಷ್ಟಿದೆ."

ಹೀಗೆ ಲೋ ಡೈಮೆನ್ಷನಲ್ ಟೋಪಾಲಜಿ ಒಂದೇ ದಿನದಲ್ಲಿ ಗಂಟಾಗಿ ಹೋಯಿತು. ಅದಾದ ಕೆಲವೇ ದಿನಗಳಿಗೆ ಅರ್ಧ ಡಾಕ್ಟ್ರಿಗೆ ತಮ್ಮ ಸಾಧನೆಯ ಕೊನೆಯ ಹೆಜ್ಜೆ ಹೊಳೆಯಿತು. ಕುಣಿದಾಡುವಷ್ಟು ಖುಷಿ. ಆದರೆ ಮನೆಯೊಳಗೆ ಕಾನೂನು ಜಾರಿಯಲ್ಲಿದೆಯಲ್ಲ! ಮೊಬೈಲು ಹಿಡಿದುಕೊಂಡು ಹೊರಗೆ ಬಂದರು, ಮೆಟ್ಟಿಲ ಮೇಲೆ ಕೂತು ಗೈಡ್ ಮೇಡಮ್‌ಗೆ ಫೋನು ಹಚ್ಚಿದರು.

"ಮೇಡಂ, ಖಚಿತ ಆಯ್ತು! ಗಂಟು ಹೋಗಲ್ಲ... ಏನು ಮಾಡಿದ್ರೂ ಹೋಗಲ್ಲ ಮೇಡಂ, ಎಲ್ಲ ಕಡೆಯಿಂದ ನೋಡಿಬಿಟ್ಟೆ... ಕತ್ತರಿಸಿದ್ರೆ ಹೋಗುತ್ತೆ, ಆದ್ರೆ ಕತ್ತರಿಸೋ ಹಾಗೇ ಇಲ್ವಲ್ಲ... ಹೂಂ, ಇಷ್ಟು ವರ್ಷ ಅನುಭವಿಸಿದ್ದೆಲ್ಲ ಈ ತಿಂಗಳು ಮುಗಿದುಹೋಗುತ್ತೆ... ಇಲ್ಲ, ಇಲ್ಲ, ಮನೇಲಿ ಹೇಳಿಲ್ಲ. ಅವಳ ಮುಂದೆ ಆ ಮಾತೇ ಎತ್ತೋ ಹಾಗಿಲ್ಲ."

ಇಷ್ಟು ಹೇಳಿ, ಗಟ್ಟಿಯಾಗಿ ನಕ್ಕು, ಸಿಳ್ಳೆ ಹಾಕುತ್ತ ಒಳಗೆ ಹೋದರು. ಕೆಳಗಿನ ತಿರುವಿನಲ್ಲಿ ತರಕಾರಿ ಚೀಲ ಹಿಡಿದುಕೊಂಡು ಕಾಂಪೌಂಡರ್ ಕಂಬದಂತೆ ನಿಂತಿದ್ದರು.

ಈ ಕಾಂಪೌಂಡರ್ ಕೆಳಮನೆಯವರು. ಒಂದು ದವಾಖಾನೆಯಲ್ಲಿ ಜೀವಮಾನವಿಡೀ ಸೀಸೆಗಳಿಗೆ ಕೆಂಪು ಔಷಧಿ ತುಂಬಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಡಾಕ್ಟರಿಗಿಂತ ಒಂದು ಕೈ ಮೇಲಾಗಿದ್ದರು. ಅವರ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ: ಕಾಯಿಲೆ ಇರುವವರು ಮತ್ತು ಕಾಯಿಲೆ ಇದೆ ಎಂದು ಇನ್ನೂ ಗೊತ್ತಾಗದವರು. ಅಂಥವರ ಕಿವಿಗೆ ಗಂಟು ಎಂಬ ಶಬ್ದ ಬಿದ್ದರೆ ಅವರಿಗೆ ಹಗ್ಗ ನೆನಪಾಗುತ್ತದೆಯೇ? ಆದರೂ ಅವರು ಅವಸರದ ಮನುಷ್ಯರಲ್ಲ. ಒಂದು ರಾತ್ರಿ ಕಾದರು. ಮಾರನೆಯ ಬೆಳಿಗ್ಗೆ ಗೇಟಿನ ಬಳಿ ಅರ್ಧ ಡಾಕ್ಟ್ರನ್ನು ಹಿಡಿದರು.

"ಮೇಷ್ಟ್ರೇ, ನಿನ್ನೆ ಮೆಟ್ಟಿಲ ಮೇಲೆ ನೀವಂದದ್ದು ಕಿವಿಗೆ ಬಿತ್ತು. ಬೇಕಂತ ಕೇಳಿಸ್ಕೊಂಡದ್ದಲ್ಲ."

ಅರ್ಧ ಡಾಕ್ಟ್ರ ಮುಖ ಅರಳಿತು. "ಕೇಳಿಸ್ತಾ? ಪರವಾಗಿಲ್ಲ ಬಿಡಿ, ಇನ್ನೇನು ಎಲ್ಲರಿಗೂ ಗೊತ್ತಾಗೋದೇ."

"ಅದು ಗ್ರಂಥಿಗೆ ಸಂಬಂಧಪಟ್ಟದ್ದಾ?"

"ಆಹಾ! ಶುದ್ಧವಾಗಿ ಹೇಳ್ಬೇಕು ಅಂದ್ರೆ ಗ್ರಂಥಿ ಅಂತಲೇ ಹೇಳ್ಬೇಕು. ನೀವೊಬ್ಬರಾದ್ರೂ ಸರಿಯಾದ ಪದ ಹೇಳಿದ್ರಲ್ಲ! ಎಷ್ಟಾದ್ರೂ ಅನುಭವಸ್ಥರು."

ಕಾಂಪೌಂಡರ್ ಕೈಯಲ್ಲಿದ್ದ ಹಾಲಿನ ಚೀಲ ಕೆಳಗಿಟ್ಟರು. "ಎಷ್ಟು ದೊಡ್ಡದಿದೆ?"

"ಗಾತ್ರ ಲೆಕ್ಕಕ್ಕೇ ಬರಲ್ಲ ಸ್ವಾಮಿ. ದೊಡ್ಡದಾದ್ರೂ ಅದೇ, ಚಿಕ್ಕದಾದ್ರೂ ಅದೇ. ಒಳಗೆ ಹ್ಯಾಗೆ ಸುತ್ಕೊಂಡಿದೆ ಅನ್ನೋದು ಮುಖ್ಯ."

"ನೋವು?"

"ಮೊದಮೊದಲು ತುಂಬಾ ತಲೆನೋವು ಕೊಡ್ತು. ರಾತ್ರಿಯೆಲ್ಲ ನಿದ್ದೆ ಇಲ್ಲ. ಈಗ, ಹೋಗಲ್ಲ ಅಂತ ಖಾತ್ರಿ ಆಯ್ತಲ್ಲ, ಮನಸ್ಸು ಹಗುರ ಆಗಿದೆ. ಎಷ್ಟೋ ವರ್ಷ ಆಗಿತ್ತು ಇಷ್ಟು ಸಂತೋಷವಾಗಿ."

ಕಾಂಪೌಂಡರ್ ತಮ್ಮ ಕಾಲದಲ್ಲಿ ಬಗೆಬಗೆಯ ರೋಗಿಗಳನ್ನು ಕಂಡಿದ್ದರು. ಅತ್ತವರು, ಬೈದವರು, ಸೀಸೆ ಎಸೆದವರು. ಇಂಥ ಧೀರನನ್ನು ಮಾತ್ರ ಕಂಡಿರಲಿಲ್ಲ. ಅವರು ಅರ್ಧ ಡಾಕ್ಟ್ರ ಎರಡೂ ಕೈ ಹಿಡಿದು ಒತ್ತಿದರು, ಚೀಲ ಎತ್ತಿಕೊಂಡು ಒಳಗೆ ಹೋದರು. ಅರ್ಧ ಡಾಕ್ಟ್ರು ಶಾಲೆಗೆ ಹೋಗುವ ದಾರಿಯುದ್ದಕ್ಕೂ, ಗಣಿತಕ್ಕೆ ಇಷ್ಟು ಗೌರವ ಕೊಡುವ ಮನುಷ್ಯನನ್ನು ಇಷ್ಟು ದಿನ ಸುಮ್ಮನೆ ಕಡೆಗಣಿಸಿದೆನಲ್ಲ ಎಂದು ಹಳಹಳಿಸಿದರು.

ಕಾಂಪೌಂಡರ್ ಗುಟ್ಟು ಕಾಯುವುದರಲ್ಲಿ ಪ್ರಾಮಾಣಿಕರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಬಾಗಿಲು ಹಾಕಿಕೊಂಡು, "ಯಾರಿಗೂ ಹೇಳಬೇಡಿ" ಎಂದೇ ಹೇಳಿದರು. ಹಾಗಾಗಿ ಮಧ್ಯಾಹ್ನದೊಳಗೆ ಬೀದಿಗೆ ಬೀದಿಯೇ ಗುಟ್ಟು ಕಾಯತೊಡಗಿತು. ಅರ್ಧ ಡಾಕ್ಟ್ರ ಹೆಂಡತಿಗೆ ಹೇಳುವ ಕೆಲಸವನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. "ತಾಯಿ, ನಾನು ಹೇಳಿದೆ ಅಂತ ಅವರಿಗೆ ಗೊತ್ತಾಗಬಾರದು. ನಿಮಗೆ ನೋವಾಗಬಾರದು ಅಂತಲೇ ಮುಚ್ಚಿಟ್ಟಿದ್ದಾರೆ. ಹೊರಗೆ ನಗ್ತಾ ಇದ್ದಾರೆ, ಮಹಾನುಭಾವರು. ನೀವೂ ನಗ್ತಾ ಇರಿ." ಎಂದು ಹೇಳಿ, ತಾವು ಮಾತ್ರ ಅತ್ತುಬಿಟ್ಟರು.

ಸಂಜೆ ಅರ್ಧ ಡಾಕ್ಟ್ರು ಮನೆಗೆ ಬಂದಾಗ ಲೋಕವೇ ಬದಲಾಗಿತ್ತು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೂ ಬೈಗುಳ ಬರಲಿಲ್ಲ. ಕೇಳದೆಯೇ ಟೀ ಬಂತು. ಮೇಜಿನ ತುಂಬ ಹರಡಿದ್ದ ಅವರ ಕಾಗದಗಳನ್ನು ಯಾರೋ ಒಪ್ಪವಾಗಿ ಜೋಡಿಸಿ ಮೇಲೊಂದು ಕಲ್ಲು ಹೇರಿದ್ದರು. ಹೆಂಡತಿ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಅವರನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸದರಲ್ಲೂ ಅವಳು ಹಾಗೆ ನೋಡಿದ್ದು ಅವರಿಗೆ ನೆನಪಿರಲಿಲ್ಲ. ಅರ್ಧ ಡಾಕ್ಟ್ರಿಗೆ ಭಯವಾಯಿತು.

"ರೀ, ನನ್ನ ಹತ್ರ ಹೇಳೋದೇನಾದ್ರೂ ಇದೆಯಾ?"

ಅರ್ಧ ಡಾಕ್ಟ್ರು ಟೀ ಕೆಳಗಿಟ್ಟರು. ತಲೆಯೊಳಗೆ ತಮ್ಮ ಅಪರಾಧಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರು. "ಆ ನೀಲಿ ಹೂಜಿ ಬೆಕ್ಕು ಬೀಳಿಸಿದ್ದಲ್ಲ. ನಾನೇ ಒಡೆದದ್ದು."

ಹೆಂಡತಿಯ ಕಣ್ಣು ತುಂಬಿ ಬಂತು. "ಅಷ್ಟೇನಾ?"

"ನಿಮ್ಮಮ್ಮನ ಊರಿಗೆ ಬರಕ್ಕಾಗಲ್ಲ, ಜ್ವರ ಅಂದೆನಲ್ಲ. ಜ್ವರ ಇರ್ಲಿಲ್ಲ."

ಅವಳು ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಒಂದು ಹೂಜಿಗೆ ಇಷ್ಟು ಅಳು ಯಾಕೆ ಎಂದು ಅರ್ಧ ಡಾಕ್ಟ್ರು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮರುದಿನ ಅಂಥದ್ದೇ ಹೂಜಿ ತಂದುಕೊಟ್ಟರು. ಅದನ್ನು ನೋಡಿ ಅವಳು ಇನ್ನೂ ಜೋರಾಗಿ ಅತ್ತಳು.

ಶಾಲೆಯಲ್ಲಿ ಇನ್ನೊಂದು ವಿಚಿತ್ರ. ಅವರು ತರಗತಿಗೆ ಕಾಲಿಟ್ಟ ಕೂಡಲೇ ಹಿಂದಿನ ಬೆಂಚು ಕೂಡ ಉಸಿರು ಬಿಡದೆ ಎದ್ದು ನಿಂತಿತು. ಲೆಕ್ಕ ತಪ್ಪು ಮಾಡಿದ ಹುಡುಗಿ "ಕ್ಷಮಿಸಿ ಸಾರ್" ಎಂದು ಬಿಕ್ಕಿದಳು. ಮಧ್ಯಾಹ್ನ ಹೆಡ್ ಮಾಸ್ತರು ತಮ್ಮ ಕೋಣೆಗೆ ಕರೆಸಿದರು. ಬೇರೆಯವರನ್ನು ನಿಲ್ಲಿಸಿಯೇ ಮಾತಾಡಿಸುವ ಹೆಡ್ ಮಾಸ್ತರು ತಾವು ಎದ್ದು ನಿಂತು, ಅವರಿಗೆ ತಮ್ಮ ದಿಂಬಿನ ಕುರ್ಚಿ ಕೊಟ್ಟರು.

"ನಿಮ್ಮ ಪಾಠಗಳನ್ನೆಲ್ಲ ಬೇರೆಯವರಿಗೆ ಹಂಚಿದ್ದೀನಿ. ನೀವು ಸುಮ್ನೆ ಬಂದು ಕೂತು ಹೋದ್ರೆ ಸಾಕು. ಬರದೇ ಇದ್ರೂ ಸರಿಯೇ."

"ಅಯ್ಯೋ, ಯಾಕೆ ಸಾರ್?"

"ನೀವು ಒಳ್ಳೇ ಮೇಷ್ಟ್ರಾಗಿದ್ರಿ. ಬದುಕಿರೋ..." ಹೆಡ್ ಮಾಸ್ತರು ಕೆಮ್ಮಿದರು. "ಇಲ್ಲಿರೋ ತನಕ ನಿಮ್ಮ ಬೆಲೆ ನಮಗೆ ಗೊತ್ತಾಗಲಿಲ್ಲ."

ಆಗಿದ್ರಿ ಎಂಬ ಮಾತು ಕೇಳಿ ಅರ್ಧ ಡಾಕ್ಟ್ರಿಗೆ ಮೈ ಜುಮ್ಮೆಂದಿತು. ಅಂದರೆ ಪದವಿ ಬಂದ ಮೇಲೆ ತಾವು ಕಾಲೇಜಿಗೆ ಹೋಗಿಬಿಡುತ್ತೇವೆ ಎಂದು ಇವರು ಆಗಲೇ ಲೆಕ್ಕ ಹಾಕಿದ್ದಾರೆ!

"ಮೇಲಿನಿಂದ ಇನ್ನೂ ಕರೆ ಬಂದಿಲ್ಲ ಸಾರ್," ಎಂದರು ನಾಚುತ್ತ. "ಬಂದ ತಕ್ಷಣ ಹೊರಟುಬಿಡ್ತೀನಿ. ನನಗೂ ಇಲ್ಲಿ ಸಾಕಾಗಿದೆ."

ಹೆಡ್ ಮಾಸ್ತರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆ ವಾರದ ಕೊನೆಗೆ ಅತ್ತೆ ಗಂಟುಮೂಟೆ ಸಮೇತ ಬಂದಿಳಿದರು. ಮಗಳನ್ನು ಕೊಟ್ಟ ದಿನದಿಂದ ಈ ಅಳಿಯನ ಬಗ್ಗೆ ಅವರಿಗೆ ಇದ್ದದ್ದು ಒಂದೇ ಅಭಿಪ್ರಾಯ. ಅದನ್ನು ಅವರು ಎಂದೂ ಬಚ್ಚಿಟ್ಟವರಲ್ಲ. ಈಗ ಬಂದವರೇ ಕಿತ್ತಳೆ ಹಣ್ಣು ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ಅಳಿಯನ ಕೈಗಿಡತೊಡಗಿದರು.

"ನಾನು ಏನೇನೋ ಅಂದಿದ್ದೀನಿ. ಮನಸ್ಸಿಗೆ ಹಚ್ಕೋಬೇಡಿ. ನನ್ನ ಮಗಳನ್ನ ನೀವು ಚೆನ್ನಾಗಿಯೇ ಇಟ್ಕೊಂಡ್ರಿ."

ಅರ್ಧ ಡಾಕ್ಟ್ರ ಬಾಯಲ್ಲಿ ಕಿತ್ತಳೆ ಹಾಗೇ ನಿಂತಿತು. ಒಂದು ಪದವಿಗೆ ಅತ್ತೆಯನ್ನು ಕರಗಿಸುವ ಶಕ್ತಿ ಇದೆ ಎಂದು ಗೊತ್ತಿದ್ದರೆ ಮದುವೆಗೆ ಮೊದಲೇ ಮಾಡಿಕೊಳ್ಳಬಹುದಿತ್ತು.

"ಆದ್ರೂ ಇನ್ನೊಬ್ಬರಿಗೆ ಒಂದ್ಸಲ ತೋರಿಸಬಾರ್ದಾ?" ಎಂದರು ಅತ್ತೆ, ದನಿ ತಗ್ಗಿಸಿ. "ಒಬ್ಬರೇ ಹೇಳಿದ್ದನ್ನ ನಂಬಿ ಕೂತ್ಕೊಳ್ಳೋದಾ?"

"ತೋರಿಸ್ತಾ ಇದ್ದೀವಲ್ಲ ಅತ್ತೆ! ಬರೋ ಬುಧವಾರ ಹೊರಗಿನಿಂದ ದೊಡ್ಡವರೊಬ್ಬರು ಬರ್ತಿದ್ದಾರೆ. ಗಂಟಿನ ವಿಷಯದಲ್ಲಿ ಅವರನ್ನ ಬಿಟ್ರೆ ಇಲ್ಲ. ಬಹಳ ಕಟ್ಟುನಿಟ್ಟು. ಮೆಡಿಕಲ್ ಕಾಲೇಜಿನಲ್ಲೇ ಎಲ್ಲರೆದುರು ಪರೀಕ್ಷೆ. ಕೂತಿರೋರೆಲ್ಲ ಡಾಕ್ಟರುಗಳೇ."

ಇದು ಅಕ್ಷರಶಃ ನಿಜ. ಗಣಿತ ವಿಭಾಗದ ಸಭಾಂಗಣದ ಚಾವಣಿ ಕುಸಿಯುವ ಹಾಗಿತ್ತು. ಆದ್ದರಿಂದ ಮೌಖಿಕ ಪರೀಕ್ಷೆಯನ್ನು ಎದುರಿನ ಮೆಡಿಕಲ್ ಕಾಲೇಜಿನ ಉಪನ್ಯಾಸದ ಕೋಣೆಗೆ ಬದಲಾಯಿಸಿದ್ದರು. ಪಿಎಚ್.ಡಿ. ಎಂಬ ಮಾತನ್ನು ಅರ್ಧ ಡಾಕ್ಟ್ರು ಕಾನೂನಿಗೆ ಹೆದರಿ ಎತ್ತಲಿಲ್ಲ.

ಹೆಂಡತಿ ಬಾಗಿಲ ಹಿಂದಿನಿಂದ ಈಚೆಗೆ ಬಂದಳು. "ಅವರು ನೋಡಿ ಏನನ್ನಬಹುದು?"

"ಹೋಗಲ್ಲ ಅಂತಲೇ ಅನ್ಬೇಕು. ಅದೊಂದೇ ನನ್ನ ಆಸೆ," ಎಂದರು ಅರ್ಧ ಡಾಕ್ಟ್ರು. "ಹೋಗುತ್ತೆ ಅಂದುಬಿಟ್ರೆ ನನ್ನ ಗತಿ ಏನು?"

ಅತ್ತೆಯ ಕೈಯಿಂದ ಅರ್ಧ ಸುಲಿದ ಕಿತ್ತಳೆ ಉರುಳಿ ಮಂಚದ ಕೆಳಗೆ ಹೋಯಿತು. ಗಂಟು ತಲೆಗೂ ಏರಿದೆ ಎಂದು ಅವರಿಗೆ ಖಾತ್ರಿಯಾಯಿತು.

ಬುಧವಾರ ಅರ್ಧ ಡಾಕ್ಟ್ರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೈಚೀಲದಲ್ಲಿ ತುದಿ ಹೊಲಿದ ದಪ್ಪ ಹಗ್ಗದ ಗಂಟನ್ನು ಜೋಪಾನವಾಗಿ ಇಟ್ಟುಕೊಂಡು ಹೊರಟರು. ಗೇಟಿನ ಬಳಿ ಒಂದು ವ್ಯಾನು ನಿಂತಿತ್ತು. ಹೆಂಡತಿ, ಅತ್ತೆ, ಕಾಂಪೌಂಡರ್, ಹೆಡ್ ಮಾಸ್ತರು, ಬೀದಿಯ ಅರ್ಧ ಜನ ಅದರೊಳಗೆ ಆಗಲೇ ಕೂತಿದ್ದರು.

"ನಿಮ್ಮನ್ನ ಒಬ್ಬರೇ ಕಳಿಸ್ತೀವಾ?" ಎಂದರು ಕಾಂಪೌಂಡರ್.

ಒಂಬತ್ತು ವರ್ಷದಲ್ಲಿ ಒಬ್ಬರೂ ತಿರುಗಿ ನೋಡದ ವಿದ್ಯೆಗೆ ವ್ಯಾನು ತುಂಬ ಜನ! ಅರ್ಧ ಡಾಕ್ಟ್ರಿಗೆ, ಇವರೆಲ್ಲರಿಗೆ ಅರ್ಥವಾಗುವುದಿಲ್ಲ ಎಂದು ತಾವು ಅಂದದ್ದು ದೊಡ್ಡ ತಪ್ಪು ಎನಿಸಿತು. ಅಷ್ಟು ಜನ ಯಾಕೆ ಬಿಳುಚಿಕೊಂಡಿದ್ದಾರೆ ಎಂಬುದು ಮಾತ್ರ ದಾರಿಯುದ್ದಕ್ಕೂ ತಿಳಿಯಲಿಲ್ಲ. ವ್ಯಾನಿನ ಕುಲುಕಾಟಕ್ಕೆ ಇರಬೇಕು ಅಂದುಕೊಂಡರು.

ಕೋಣೆಯ ಹಿಂದಿನ ಮೂಲೆಯಲ್ಲಿ ಒಂದು ಅಸ್ಥಿಪಂಜರ ತೂಗುತ್ತಿತ್ತು, ಗೋಡೆಯ ಮೇಲೆ ಗಂಟಲು, ಶ್ವಾಸಕೋಶ, ಕರುಳುಗಳ ಬಣ್ಣದ ಚಿತ್ರಗಳಿದ್ದವು. ಬೀದಿಯವರು ಹಿಂದಿನ ಸಾಲುಗಳಲ್ಲಿ ಮುದುರಿ ಕೂತರು. "ಮಂಚ ಎಲ್ಲಿ? ಎಲ್ಲಿ ಮಲಗಿಸ್ತಾರೆ?" ಎಂದು ಅತ್ತೆ ಪಿಸುಗುಟ್ಟಿದರು. "ಈಗ ಮೈ ಮುಟ್ಟೋದೇ ಇಲ್ಲ," ಎಂದರು ಕಾಂಪೌಂಡರ್. "ದೊಡ್ಡ ಕಾಯಿಲೆಗಳನ್ನೆಲ್ಲ ಬೋರ್ಡಿನ ಮೇಲೇ ನೋಡೋದು." ಅಷ್ಟು ಹೇಳಿ, ತಮಗಿರುವ ಕರ್ತವ್ಯ ನೆನಪಾಗಿ, ಎದ್ದು ಹೊರಗೆ ಹೋದರು.

ಹೊರಗಿನ ಪರೀಕ್ಷಕರು ಗೈಡ್ ಮೇಡಂ ಜೊತೆ ಪಡಸಾಲೆಯಲ್ಲಿ ಬರುತ್ತಿದ್ದರು. ಗಂಟುಮೋರೆಯ ಮನುಷ್ಯ. ಅವರ ಪ್ರಶ್ನೆಗಳಿಗೆ ಉತ್ತರ ಹೇಳಲಾರದೆ ಅರ್ಧದಲ್ಲೇ ಎದ್ದುಹೋದ ಅಭ್ಯರ್ಥಿಗಳ ಕಥೆಗಳು ವಿಭಾಗದಲ್ಲಿ ಬೇಕಾದಷ್ಟಿದ್ದವು. ಕಾಂಪೌಂಡರ್ ಅವರ ದಾರಿಗೆ ಅಡ್ಡ ನಿಂತು ಕೈ ಮುಗಿದರು.

"ಸ್ವಾಮಿ, ತಾವು ದೊಡ್ಡವರು. ನಮ್ಮ ಮೇಷ್ಟ್ರಿಗೆ ಹೆಚ್ಚು ಕಷ್ಟ ಕೊಡಬೇಡಿ. ಅವರಿಗೆ ಹೆಚ್ಚು ದಿನ ಇಲ್ಲ."

ಪರೀಕ್ಷಕರು ಅಲ್ಲೇ ನಿಂತುಬಿಟ್ಟರು. "ಏನಂದ್ರಿ?"

"ಯಾರಿಗೂ ಹೇಳಬೇಡಿ," ಎಂದರು ಕಾಂಪೌಂಡರ್ ಅಭ್ಯಾಸಬಲದಿಂದ.

ಗೈಡ್ ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. "ನನಗೊಂದು ಮಾತೂ ಹೇಳಿಲ್ವಲ್ಲ ಆತ!"

ಪರೀಕ್ಷೆ ಶುರುವಾಯಿತು. ಅರ್ಧ ಡಾಕ್ಟ್ರು ಬೋರ್ಡಿನ ಮೇಲೆ ತಮ್ಮ ಗಂಟನ್ನು ದೊಡ್ಡದಾಗಿ ಬರೆದರು. ಹಿಂದಿನ ಸಾಲುಗಳಿಂದ "ಅಯ್ಯೋ" ಎಂಬ ಉದ್ಗಾರ ಕೇಳಿತು. "ಒಳಗೆ ಹಾಗೆ ಸುತ್ಕೊಂಡಿದೆ ನೋಡಿ," ಎಂದು ಕಾಂಪೌಂಡರ್ ವಿವರಿಸಿದರು. ಅರ್ಧ ಡಾಕ್ಟ್ರು ಹುರುಪಿನಿಂದ ಹೇಳುತ್ತಾ ಹೋದರು. ಈ ಗಂಟು ಎಳೆದರೂ ಹೋಗುವುದಿಲ್ಲ, ತಿರುಚಿದರೂ ಹೋಗುವುದಿಲ್ಲ, ಎಷ್ಟು ಕಾಲವಾದರೂ ಹೋಗುವುದಿಲ್ಲ ಎಂದು ಅವರು ಬೆರಳು ಮಡಿಸಿದ ಹಾಗೆಲ್ಲ ಹಿಂದಿನ ಸಾಲುಗಳಲ್ಲಿ ಮೂಗೊರೆಸುವ ಸದ್ದು ಹೆಚ್ಚಾಯಿತು. ಜನಸಾಮಾನ್ಯರಿಗೆ ಗಣಿತ ಇಷ್ಟು ಮುಟ್ಟುತ್ತದೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಮುಗಿಸಿ, ಬೆವರೊರೆಸಿಕೊಂಡು, ಪ್ರಶ್ನೆಗಳಿಗೆ ಸಿದ್ಧರಾಗಿ ನಿಂತರು. ಪರೀಕ್ಷಕರು ಮುಂದಿದ್ದ ಪ್ರಬಂಧವನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಸಾಲುಗಳಿಗೆ ಕೇಳಿಸದಷ್ಟು ದನಿ ತಗ್ಗಿಸಿದರು.

"ನನ್ನದೇನೂ ಪ್ರಶ್ನೆ ಇಲ್ಲ. ತೃಪ್ತಿಯಾಗಿದೆ. ಪದವಿ ಕೊಡಬಹುದು."

ಗೈಡ್ ಮೇಡಂ ನಿಟ್ಟುಸಿರು ಬಿಟ್ಟರು. ಬುದ್ಧಿ ಇರುವ ಯಾವ ಮನುಷ್ಯನಾದರೂ ಅಲ್ಲಿಗೆ ನಮಸ್ಕಾರ ಹೇಳಿ ಈಚೆಗೆ ಬರುತ್ತಿದ್ದ. ಅರ್ಧ ಡಾಕ್ಟ್ರಿಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ಒಂಬತ್ತು ವರ್ಷ ಜೀವ ತೇಯ್ದದ್ದಕ್ಕೆ ಒಂದು ಪ್ರಶ್ನೆಯೂ ಇಲ್ಲವೇ? ಅದೂ ಹಿಂದೆ ಹೆಂಡತಿ ಕೂತಿರುವಾಗ?

"ಹಾಗಂದ್ರೆ ಹೇಗೆ ಸಾರ್? ಒಂದಾದ್ರೂ ಕೇಳಬೇಕು."

"ಬೇಡಪ್ಪ. ನೀವು ವಿಶ್ರಾಂತಿ ತಗೊಳ್ಳಿ."

"ವಿಶ್ರಾಂತಿ ಯಾಕೆ ಸಾರ್? ಬೇರೆಯವರಿಗೆಲ್ಲ ಬೆವರಿಳಿಸ್ತೀರಂತೆ. ನಾನೇನು ಕೇಳೋ ಲಾಯಕ್ಕೂ ಇಲ್ವಾ?"

ಗೈಡ್ ಮೇಡಂ ಕಣ್ಣಲ್ಲೇ ಬೇಡ ಬೇಡ ಎಂದರು. ಅರ್ಧ ಡಾಕ್ಟ್ರು ಆ ಕಡೆ ನೋಡಲೇ ಇಲ್ಲ. ಪರೀಕ್ಷಕರಿಗೆ ಕರುಳು ಚುರುಕ್ಕೆಂದಿತು. ಸಾಯುವವನ ಆಸೆ, ಆಗಲಿ ಎಂದು ಪ್ರಬಂಧ ಬಿಡಿಸಿ, ಅಂಚಿನಲ್ಲಿ ತಾವು ಪೆನ್ಸಿಲಿನಿಂದ ಗುರುತು ಹಾಕಿದ್ದ ಜಾಗಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದನ್ನು ಆರಿಸಿಕೊಂಡರು.

"ನೀವು ಪ್ರತಿ ಹೆಜ್ಜೆಗೂ ಸಿಕ್ಕನ್ನ ಕಡಿಮೆ ಮಾಡ್ತಾ ಹೋಗಿದ್ದೀರಿ. ಅಲ್ವಾ? ಮೊದಲು ಇನ್ನೂ ಸ್ವಲ್ಪ ಸಿಕ್ಕು ಜಾಸ್ತಿ ಮಾಡ್ಕೊಂಡ್ರೆ? ಎಡಗಡೆ ಕುಣಿಕೇನ ಇಡೀ ಗಂಟಿನ ಹಿಂದಿನಿಂದ ಒಂದ್ಸಲ ದಾಟಿಸಿ ನೋಡಿದ್ರೆ?"

"ಆಗಲ್ಲ ಸಾರ್, ಇನ್ನಷ್ಟು ಗೋಜಲಾಗುತ್ತೆ. ನೀವೇ ನೋಡಿ," ಎಂದು ಅರ್ಧ ಡಾಕ್ಟ್ರು ಗೆಲುವಿನಿಂದ ಚೀಲದಿಂದ ಹಗ್ಗ ತೆಗೆದರು. ಎಡಗಡೆಯ ಕುಣಿಕೆಯನ್ನು ಹಿಗ್ಗಿಸಿ ಹಿಂದಿನಿಂದ ದಾಟಿಸಿದರು. ಗೋಜಲು ಹೆಚ್ಚಾಯಿತು. "ನೋಡಿದ್ರಾ?" ಎಂದು ಮೇಲಿನ ಎಳೆಯನ್ನು ಸುಮ್ಮನೆ ಎಳೆದರು. ಒಂದು ಸುತ್ತು ಜಾರಿತು. ಅದರ ಹಿಂದೆ ಇನ್ನೊಂದು ಜಾರಿತು. ಹಗ್ಗ ಅವರ ಬೆರಳುಗಳ ನಡುವೆ ತನ್ನಷ್ಟಕ್ಕೆ ತಾನೇ ಸಡಿಲಾಗುತ್ತ ಬಂದು, ಕೊನೆಗೆ ಒಂದು ಸಾದಾ ಬಳೆಯಾಗಿ ಕೈಯಲ್ಲಿ ನೇತಾಡಿತು.

ಅರ್ಧ ಡಾಕ್ಟ್ರು ಹಗ್ಗವನ್ನು ತಿರುಗಿಸಿ ನೋಡಿದರು, ಬೋರ್ಡು ನೋಡಿದರು, ಮತ್ತೆ ಹಗ್ಗ ನೋಡಿದರು.

"ಹೋಯ್ತು," ಎಂದರು. ಆಮೇಲೆ ಎದೆ ಬಿರಿಯುವ ಹಾಗೆ ಕೂಗಿಕೊಂಡರು. "ಹೋಯ್ತಲ್ಲಪ್ಪೋ! ನನ್ನ ಗಂಟು ಹೋಯ್ತು!"

ಹಿಂದಿನ ಸಾಲುಗಳು ಎದ್ದು ನಿಂತವು. ಆ ಕೋಣೆಯಲ್ಲಿ ಅಂಥ ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ. ಹೆಡ್ ಮಾಸ್ತರು ಪಕ್ಕದವರನ್ನು ತಬ್ಬಿಕೊಂಡರು, ಪಕ್ಕದಲ್ಲಿದ್ದದ್ದು ಅಸ್ಥಿಪಂಜರ. ಅತ್ತೆ ಓಡಿಹೋಗಿ ಪರೀಕ್ಷಕರ ಕೈ ಹಿಡಿದು "ನೀವು ನೂರು ವರ್ಷ ಬಾಳಿ ಡಾಕ್ಟ್ರೇ" ಎಂದರು. "ಔಷಧಿ ಇಲ್ಲ, ಕತ್ತರಿ ಇಲ್ಲ, ಬರೀ ಒಂದು ಪ್ರಶ್ನೆ ಕೇಳಿ ತೆಗೆದುಬಿಟ್ರು!" ಎಂದು ಕಾಂಪೌಂಡರ್ ಬೆಂಚು ಹತ್ತಿ ಸಾರಿದರು. ಪರೀಕ್ಷಕರು ಗೈಡ್ ಮೇಡಂ ಮುಖ ನೋಡಿದರು, ಗೈಡ್ ಮೇಡಂ ಪರೀಕ್ಷಕರ ಮುಖ ನೋಡಿದರು. ಒಬ್ಬ ಬಡಪಾಯಿಯ ಒಂಬತ್ತು ವರ್ಷ ಮಣ್ಣುಪಾಲಾದದ್ದಕ್ಕೆ ಇಷ್ಟು ಜನ ಯಾಕೆ ಕುಣಿಯುತ್ತಿದ್ದಾರೆ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಅರ್ಧ ಡಾಕ್ಟ್ರ ಬಳಿಗೆ ಎಲ್ಲರಿಗಿಂತ ಮೊದಲು ಬಂದವಳು ಹೆಂಡತಿ. ಬಂದವಳೇ ಗಂಡನ ಕುತ್ತಿಗೆ, ಭುಜ, ಬೆನ್ನು ಎಲ್ಲ ತಡಕಿದಳು. ಅಳುತ್ತ ನಗುತ್ತ "ಹೋಯ್ತಲ್ಲ ರೀ! ಎಲ್ಲಿತ್ತು? ಎಲ್ಲಿತ್ತು ಅದು?" ಎಂದಳು.

"ಇದ್ರಲ್ಲೇ ಇತ್ತು," ಎಂದು ಅರ್ಧ ಡಾಕ್ಟ್ರು ಹಗ್ಗ ಎತ್ತಿ ತೋರಿಸಿದರು.

"ಇದ್ರಲ್ಲಾ?"

"ಇದ್ರಲ್ಲೇ. ಒಂಬತ್ತು ವರ್ಷದಿಂದ ಇದ್ರಲ್ಲೇ ಇತ್ತು."

"ನಿಮ್ಮ ಮೈಯಲ್ಲಿ?"

"ನನ್ನ ಮೈಯಲ್ಲಿ ಯಾಕಿರುತ್ತೆ?"

ಚಪ್ಪಾಳೆ ಒಂದೊಂದಾಗಿ ನಿಂತಿತು. ಕಾಂಪೌಂಡರ್ ಬೆಂಚಿನಿಂದ ಇಳಿದು, ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮೆಟ್ಟಿಲ ಮೇಲೆ ಕೇಳಿಸಿಕೊಂಡದ್ದರಿಂದ ಹಿಡಿದು ಪಡಸಾಲೆಯಲ್ಲಿ ಹೇಳಿದ್ದರ ತನಕ ಎಲ್ಲವೂ ಅವರ ಬಾಯಿಂದಲೇ ಹೊರಬರಬೇಕಾಯಿತು. ಅತ್ತೆ ಪರೀಕ್ಷಕರ ಕೈ ಬಿಟ್ಟು, ಕಿತ್ತಳೆ ತಿನ್ನಿಸಿದ್ದೆಲ್ಲ ದಂಡವಾಯಿತಲ್ಲ ಎಂಬಂತೆ ಅಳಿಯನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

ಅರ್ಧ ಡಾಕ್ಟ್ರು ಹೆಂಡತಿಯ ಮುಖ ನೋಡಿದರು. ಅಳುವಿನಿಂದ ಊದಿದ ಆ ಕಣ್ಣುಗಳು ಅವರಿಗೆ ಈಗ ಕಂಡವು. ಟೀ, ಕಲ್ಲು ಹೇರಿದ ಕಾಗದ, ಹೂಜಿ ಎಲ್ಲವೂ ಈಗ ಅರ್ಥವಾಯಿತು. ಪದವಿ ಹೋದದ್ದಕ್ಕಿಂತ ಇದು ಅವರನ್ನು ಹೆಚ್ಚು ನೋಯಿಸಿತು.

"ನಾನು ಸಾಯ್ತೀನಿ ಅಂದ್ಕೊಂಡ್ಯಾ?"

ಅವಳು ಹಗ್ಗ ಕಿತ್ತುಕೊಂಡು ಮುಂದಿನ ಬೆಂಚಿನ ಮೇಲೆ ಕೂತಳು. "ಏನಿದು ಅಂತ ಈಗ ಹೇಳಿ. ನನಗೆ ಅರ್ಥ ಆಗಲ್ಲ ಅಂದ್ರೆ ನೋಡಿ ಮತ್ತೆ."

ಅರ್ಧ ಡಾಕ್ಟ್ರು ಹೇಳಿದರು. ಪರೀಕ್ಷಕರು, ಗೈಡ್ ಮೇಡಂ, ಬೀದಿಯವರು ಎಲ್ಲರೂ ಕಾಯುತ್ತಿದ್ದರು, ಅವರು ಹೆಂಡತಿಗೆ ಮಾತ್ರ ಹೇಳಿದರು. ಲೋ ಡೈಮೆನ್ಷನಲ್ ಎನ್ನಲಿಲ್ಲ, ಗ್ರಂಥಿಯನ್ನೂ ಬಳಸಲಿಲ್ಲ. ಗಂಟು ಹೋಗುವುದಿಲ್ಲ ಎಂದು ತೋರಿಸಬೇಕಿತ್ತು, ತೋರಿಸಲು ಹೋಗಿ ಅದೇ ಹೋಯಿತು, ಅಷ್ಟೇ ಎಂದರು. ಅವಳು ಹಗ್ಗವನ್ನು ತಿರುವುತ್ತ ಕೇಳಿಸಿಕೊಂಡಳು.

"ಹಾಗಾದ್ರೆ ಇದು ಹೋಗೋದು ನಿಮಗೆ ಬೇಡವಾಗಿತ್ತು."

"ಬೇಡವಾಗಿತ್ತು."

"ನಾನು ಇಷ್ಟು ದಿನ ಹಗಲೂ ರಾತ್ರಿ ಅದೊಂದನ್ನೇ ಬೇಡ್ಕೊಂಡೆ. ಗಂಟು ಹೋಗ್ಲಿ, ಗಂಟು ಹೋಗ್ಲಿ ಅಂತ." ಅವಳ ದನಿ ಸಣ್ಣದಾಯಿತು. "ಒಂಬತ್ತು ವರ್ಷದ್ದನ್ನ ನಾನೇ ಹಾಳುಮಾಡಿದ್ನೇನ್ರೀ?"

ಅರ್ಧ ಡಾಕ್ಟ್ರಿಗೆ ಮೊದಲು ಅಳು ಬಂತು, ಆಮೇಲೆ ತಡೆಯಲಾರದಷ್ಟು ನಗು ಬಂತು. ಗಂಟುಮೋರೆಯ ಪರೀಕ್ಷಕರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಪದವಿಯನ್ನು ಈಗ ಕೊಡಲು ಬರುವುದಿಲ್ಲ, ಎರಡು ವರ್ಷ ಕೊಡುತ್ತೇನೆ, ಇನ್ನೊಂದು ಗಂಟು ತನ್ನಿ, ಆಗ ಸುಲಭದ ಪ್ರಶ್ನೆ ಕೇಳುವುದಿಲ್ಲ ಎಂದರು. ಎರಡು ವರ್ಷ ಎಂಬ ಮಾತು ಕೇಳಿ ಅರ್ಧ ಡಾಕ್ಟ್ರು ಹೆಂಡತಿಯ ಕಡೆ ಕಳ್ಳನಂತೆ ನೋಡಿದರು.

ಅವಳು ಹಗ್ಗವನ್ನು ಗಂಡನ ಕೈಗೆ ಕೊಟ್ಟಳು.

"ಕಟ್ಟಿ ಮತ್ತೆ," ಎಂದಳು. "ಈ ಸಲ ನಾನು ಏನೂ ಬೇಡ್ಕೊಳ್ಳಲ್ಲ."